ತುಂಗನಾಥಕ್ಕ ಹೋಗೂ ತಯಾರಿ

ಈ ಬ್ಯಾಸಿಗಿಗೆ ನಾವು ನಾಲ್ಕು ಮಂದಿ ಹೆಣ್ಣುಮಕ್ಕಳು ಹಿಮಾಲಯಕ್ಕ ಹೊಂಟೇವಿ. ನಾನು, ನಮ್ಮ ವೈನಿ, ಮಾವಶಿ ಮಗಳು, ಬಾಜೂ ಮನಿ ಗೆಳತಿ. ಎಲ್ಲಾರೂ ಐವತ್ತು ದಾಟಿದವರ. ಬಸ್ಸಿನಾಗ ಕೂತು ದೇವರಿಗೆ ಕೈ ಮುಗದು ಬರೂ ಯಾತ್ರಾ ಅಲ್ರಿ ಇದು. ಉತ್ತರಾಖಂಡದ ಚೋಪ್ತಾದಿಂದ ತುಂಗನಾಥಕ್ಕ, ಅಲ್ಲಿಂದ ಚಂದ್ರಶಿಲಾ ಶಿಖರಕ್ಕ, ನಮ್ಮ ಕಾಲಿಲೇ ನಡದು ಏರೂದು. ಕುದುರಿ ಬ್ಯಾಡ, ಡೋಲಿ ಬ್ಯಾಡ ಅಂತ ಮಾತಾಗ್ಯದ. ನಿಮ್ಮೊಳಗೂ ಯಾರಿಗರೆ ಮನಸಾದ್ರ ಉಪಯೋಗ ಆಗ್ಲಿ ಅಂತ ನಮ್ಮ ತಯಾರಿ ಬರೀತೇನಿ.

ಇದ ಜಾಗಾ ಯಾಕ ಅಂದ್ರ, ತುಂಗನಾಥ ಪಂಚಕೇದಾರದಾಗ ಒಂದು. ಎತ್ತರ ಸುಮಾರು 3,680 ಮೀಟರ್. ನಮ್ಮ ಕರ್ನಾಟಕದಾಗ ಎಲ್ಲಾದಕ್ಕಿಂತ ಎತ್ತರದ್ದು ಮುಳ್ಳಯ್ಯನಗಿರಿ, ಅದು 1,930 ಮೀಟರ್. ಹತ್ತಿರ ಹತ್ತಿರ ಎರಡರಷ್ಟಾತು ನೋಡ್ರಿ. ಆದ್ರ ಚೋಪ್ತಾತನಾ ಗಾಡಿ ಹೋಗತಾವ. ಅಲ್ಲಿಂದ ಗುಡಿಗೆ ನಾಲ್ಕು ಕಿಲೋಮೀಟರಿನಷ್ಟು, ಕಲ್ಲು ಹಾಸಿದ ಹಾದಿ. ಶಿಖರಕ್ಕ ಮ್ಯಾಲೆ ಇನ್ನೊಂದು ಒಂದೂವರಿ ಕಿಲೋಮೀಟರ್. ಡೇರೆ, ಪಾತ್ರಿ ಹೊತಗೊಂಡು ಹೋಗೂದಿಲ್ಲ. ಮೊದಲನೇ ಸಲ ಏರೂ ನಮ್ಮಂಥವರಿಗೆ ಇದು ಛಲೋ ಅನಿಸ್ತು.

ಥಂಡಿಯೊಳಗ ಗುಡಿ ಮುಚ್ಚಿ ದೇವರನ್ನ ಕೆಳಗ ಮಕ್ಕುಮಠಕ್ಕ ಒಯ್ತಾರ, ಬ್ಯಾಸಿಗಿಗೆ ಮತ್ತ ಬಾಗಲಾ ತಗೀತಾರ. ಜೂನ್ ಕೊನಿಗೆ ಮಳಿ ಹತ್ತಿತು ಅಂದ್ರ ಅಲ್ಲಿ ಗುಡ್ಡ ಕುಸದು ರಸ್ತೆ ಬಂದ್ ಆಗತಾವ. 2013ರ ಜೂನ್‌ದಾಗ ಕೇದಾರನಾಥದಾಗ ಏನಾತು ಅಂತ ಎಲ್ಲಾರಿಗೂ ಗೊತ್ತದ. ಅದಕ್ಕ ಮೇ ಮೂರನೇ ವಾರ ಹಿಡದೇವಿ. ರಸ್ತೆ ನಂಬಂಗಿಲ್ಲಂತ ಒಂದು ದಿನ ಹೆಚ್ಚಿಗೆ ಇಟಗೊಂಡೇವಿ.

ಹೃಷಿಕೇಶದಾಗ ಒಂದು ರಾತ್ರಿ. ಅಲ್ಲಿಂದ ದೇವಪ್ರಯಾಗ, ರುದ್ರಪ್ರಯಾಗ ದಾಟಿ ಊಖಿಮಠದಾಗ ಎರಡು ರಾತ್ರಿ, ಅದು ಸುಮಾರು 1,300 ಮೀಟರ್. ನಡುವ ಒಂದಿನ ಸಾರಿ ಅನ್ನೂ ಹಳ್ಳಿಯಿಂದ ದೇವರಿಯಾ ತಾಲ್ ಕೆರಿಗೆ ಏರಿ ಇಳಿಯೂದು. ಆಮ್ಯಾಲೆ ಚೋಪ್ತಾ, ಸುಮಾರು 2,700 ಮೀಟರ್. ಅಲ್ಲಿ ಒಂದು ರಾತ್ರಿ ಮಲಗಿ, ಮುಂಜಾನೆ ಲಗೂ ಎದ್ದು ಮ್ಯಾಲೆ. ಮಧ್ಯಾಹ್ನದ ಮ್ಯಾಲೆ ಅಲ್ಲಿ ಮೋಡ ಕಟ್ಟಿ ಮಳಿ, ಆಣೀಕಲ್ಲು ಬರೂದು ಹೆಚ್ಚು. ಹನ್ನೆರಡರ ಒಳಗ ಇಳಿಯಾಕ ಹತ್ತಬೇಕು.

ಹಿಂಗ ಮೆಲ್ಲಕ ಏರೂದಕ್ಕ ಕಾರಣ ಗಾಳಿ. ತುಂಗನಾಥದ ಎತ್ತರಕ್ಕ ಒಂದು ಉಸುರಿಗೆ ಸಿಗೂ ಆಕ್ಸಿಜನ್ನು ಸಮುದ್ರದ ದಂಡಿಗೆ ಸಿಗೂದರ ಮೂರರಾಗ ಎರಡು ಪಾಲು. ನಮ್ಮ ಅಡಗಿಮನಿ ಲೆಕ್ಕದಾಗ ಹೇಳಬೇಕಂದ್ರ, ಚೋಪ್ತಾದಾಗ ನೀರು 91 ಡಿಗ್ರಿ ಆಜುಬಾಜು ಕುದದ ಬಿಡತದ. ಕುಕ್ಕರ್ ಇಲ್ಲದ ಬ್ಯಾಳಿ ಬೇಯಿಸಾಕ ಕೂತ್ರ ಹೊತ್ತು ಮುಳಗತದ. ಬ್ಯಾಳೀಗೇ ಅಷ್ಟು ತ್ರಾಸಾದ್ರ ನಮ್ಮ ಜೀವಕ್ಕ ಎಷ್ಟಾಗಿರಬಾರದು!

ಸಾಮಾನಿನ ಚಿಂತಿ ನಮಗಿಲ್ಲ. ಶೇಂಗಾ ಉಂಡಿ, ಅಂಟಿನ ಉಂಡಿ, ಕಡಕ್ ರೊಟ್ಟಿ, ಚಟ್ನಿಪುಡಿ ಅಗದಿ ಒಂದು ದಿನದ ಕೆಲಸ. ಬಟ್ಟಿ ವಿಷಯದಾಗ ಒಂದು ಹೊಸಾದು ಕಲತೇವಿ. ಹತ್ತಿ ಬಟ್ಟಿ ಬೆವರಿನಾಗ ತೊಯ್ದರ ಲಗೂ ಒಣಗಂಗಿಲ್ಲ, ನಿಂತ ಕೂಡ್ಲೆ ಮೈ ಥಂಡಿ ಹಿಡೀತದ. ಅದಕ್ಕ ಉಣ್ಣಿ ಇಲ್ಲಾ ಲಗೂ ಒಣಗೂ ಬಟ್ಟಿನ ಬೇಕು. ಬೂಟು ಈಗ ತಗೊಂಡು ದಿನಾ ಹಾಕ್ಕೊಂಡ ನಡೀಲಿಕ್ಹತ್ತೇವಿ, ಹೊಸಾ ಬೂಟು ಗುಡ್ಡದಾಗ ಕಚ್ಚಬಾರದು. ಬಿ.ಪಿ., ಶುಗರ್ ಗುಳಗಿ ಎರಡು ಚೀಲದಾಗ ಎರಡು ಪಾಲು. ಒಂದು ಚೀಲ ಕಳದ್ರ ಇನ್ನೊಂದರಾಗ ಇರ್ತಾವ. ಇಳಿಯೂ ಮುಂದ ಮೊಣಕಾಲಿಗೆ ಭಾಳ ಭಾರ ಬೀಳತದ, ಅದಕ್ಕ ಒಬ್ಬೊಬ್ಬರಿಗೆ ಒಂದೊಂದು ಕೋಲು.

ಇದೆಲ್ಲಾ ನಮಗ ಸರಳ. ಮನಿ ನಡಸಿದವರಿಗೆ ಯಾದಿ ಮಾಡೂದು ಯಾರು ಕಲಸಬೇಕು? ಖರೇ ತ್ರಾಸು ಬ್ಯಾರೇನ ಅದ. ಅದು ನಮ್ಮ "ಏನಿಲ್ಲ ಬಿಡು" ಅನ್ನೂ ಚಟ. ಜ್ವರ ಬಂದ್ರೂ ಏನಿಲ್ಲ ಬಿಡು, ಸೊಂಟಾ ನೋಯ್ತಿದ್ರೂ ಏನಿಲ್ಲ ಬಿಡು. ಮನ್ಯಾಗ ಅದು ನಡದದ, ಹೊಗಳಿಕಿನೂ ಸಿಕ್ಕದ. ಗುಡ್ಡದಾಗ ನಡಿಯಂಗಿಲ್ಲ. ಎತ್ತರದಾಗ ತಲಿನೋವು, ವಾಕರಿಕಿ, ತಲಿ ತಿರಗೂದು, ಊಟ ಸೇರದಿದ್ದದ್ದು ಇವು ಹತ್ತಿದವು ಅಂದ್ರ ಅಲ್ಲೇ ನಿಲ್ಲಬೇಕು, ಮ್ಯಾಲೆ ಹೋಗಬಾರದು. ಹೆಚ್ಚಾದ್ರ ಕೆಳಗ ಇಳೀಬೇಕು. ಕೂತಲ್ಲೇ ದಮ್ಮು ಹತ್ತಿದ್ರ, ನಡಗಿ ಜೋಲಿ ಹೊಡದ್ರ, ಮಾತು ತಪ್ಪಿದ್ರ ಆ ಕ್ಷಣಕ್ಕನ ಇಳಸಬೇಕು, ಬೆಳಗಾಗ್ಲಿ ಅಂತ ಕಾಯಂಗಿಲ್ಲ. ಮುಚ್ಚಿಟ್ಟಾಕಿ ತನ್ನ ಜೀವಾ ಅಷ್ಟ ಅಲ್ಲ, ಜೋಡಿ ಹೋದವರನ್ನೂ ಸಂಕಟಕ್ಕ ಹಾಕತಾಳ.

ಅದಕ್ಕ ನಾವು ನಾಲ್ಕೂ ಮಂದಿ ಕೂತು ಒಂದು ಕರಾರು ಮಾಡೇವಿ. ಮುಂಜಾನೆ, ಸಂಜಿಗೆ ಒಬ್ಬರನ್ನೊಬ್ಬರು ಮೂರು ಮಾತು ಕೇಳೂದು. ತಲಿ ನೋಯ್ತದೇನು? ಊಟ ಸೇರತೇನು? ನಿದ್ದಿ ಬಂತೇನು? ಉತ್ತರಕ್ಕ "ಏನಿಲ್ಲ" ಅನ್ನಂಗಿಲ್ಲ, ಹೌದು ಇಲ್ಲಾ ಅಲ್ಲ ಅನ್ನಬೇಕು. ಯಾರಿಗರೆ ಆಗವಲ್ದು ಅಂದ್ರ ಇಬ್ಬರು ಇಳಿಯೂದು, ಇನ್ನಿಬ್ಬರು ಮ್ಯಾಲೆ ಹೋಗೂದು. "ನನ್ನಿಂದ ನಿಮಗೆಲ್ಲಾ ತಪ್ಪಿತು" ಅಂತ ಯಾರೂ ಅಳಂಗಿಲ್ಲ, ಯಾರೂ ಆಡಿ ತೋರಸಂಗಿಲ್ಲ. ಚಂದ್ರಶಿಲಾ ಎಲ್ಲೂ ಓಡಿ ಹೋಗಂಗಿಲ್ಲ.

ಈಗ ದಿನಾ ಮುಂಜಾನೆ ನೃಪತುಂಗ ಬೆಟ್ಟಕ್ಕ ಏರಿ ಇಳಿಯೂ ರೂಢಿ ನಡದದ. ಮುಂದಿನ ತಿಂಗಳು ಅಂಜನಾದ್ರಿಯ 575 ಮೆಟ್ಟಲಾ ಏರಿ ನೋಡೂ ವಿಚಾರ ಅದ. ಹೋದ ವಾರ ಬೆಟ್ಟದ ಅರ್ಧಾ ಹಾದ್ಯಾಗ ವೈನಿ ಒಂದು ಕಲ್ಲಿನ ಮ್ಯಾಲೆ ಕೂತು, "ಇವತ್ತ ನನಗ ಆಗವಲ್ದವಾ, ದಮ್ಮು ಹತ್ತೇದ" ಅಂದ್ರು. ಇಪ್ಪತ್ತೆಂಟು ವರ್ಷದಾಗ ಅವರ ಬಾಯಾಗ ನಾ ಆ ಮಾತು ಕೇಳಿದ್ದು ಅದ ಮೊದಲು. ಎಲ್ಲಾರೂ ಇಳದು ಚಹಾ ಕುಡದ್ವಿ. ಮರುದಿನ ದವಾಖಾನಿಗೆ ಹೋಗಿ ತಪಾಸ ಮಾಡಿಸಿದ್ರ ರಕ್ತ ಕಡಿಮಿ, ಹಿಮೋಗ್ಲೋಬಿನ್ ಒಂಬತ್ತರ ಹತ್ತಿರ. ಎಷ್ಟು ವರ್ಷದಿಂದ ಹಂಗ ಓಡ್ಯಾಡಿದ್ರೋ ಏನೋ! ಡಾಕ್ಟರು ಯಾಕ ಕಡಿಮಿ ಆಗೇದ ಅಂತ ಬ್ಯಾರೆ ತಪಾಸ ಬರದು, ಗುಳಗಿ ಕೊಟ್ಟಾರ. ಮೇ ತಿಂಗಳದಾಗ ಮತ್ತೊಮ್ಮೆ ನೋಡಿ ಹೋಗಬಹುದೋ ಇಲ್ಲೋ ಹೇಳತೇನಿ ಅಂದಾರ. ನಾವಂತೂ ಅವರದೂ ಟಿಕೀಟು ತಗಿಸೇವಿ.