ಪಾದರಸದ ಭಾರ

ಪ್ರೀತಿಯ ಅಕ್ಕನಿಗೆ,

ಮೂಡುಬಿದಿರೆಯಿಂದ ನೀವು ಬರೆದ ಕಾಗದ ಕೈಸೇರಿತು. ಬಂಟ್ವಾಳದ ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡುವಾಗ ಗಾಜಿನ ಕೊಳವೆಯಲ್ಲಿ ಪಾದರಸ ಏರುವುದನ್ನು ಕಂಡು, ಅದಕ್ಕೆ ನೀರನ್ನೇ ಯಾಕೆ ತುಂಬಬಾರದು ಅಂತ ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ ಅಕ್ಕಾ.

ಒಂದು ಲೀಟರ್ ನೀರು 1 ಕೆ.ಜಿ. ತೂಗಿದರೆ ಅಷ್ಟೇ ಪಾದರಸ ಸುಮಾರು 13.5 ಕೆ.ಜಿ. ತೂಗುತ್ತದೆ. ಡಾಕ್ಟರು 120 ಅನ್ನುವುದು 120 ಮಿಲಿಮೀಟರ್ ಎತ್ತರದ ಪಾದರಸದ ಲೆಕ್ಕ. ನೀರಾದರೆ ಅದೇ ಒತ್ತಡಕ್ಕೆ 1.6 ಮೀಟರ್ ಏರಬೇಕು. ಅಂಥ ಯಂತ್ರವನ್ನು ಮೇಜಿನ ಮೇಲೆ ಇಡುವುದು ಹೇಗೆ?

ಬೆಳ್ತಂಗಡಿ ಕಡೆಯ ಅಡಿಕೆ ತೋಟದವರಿಗೆ ಇದರ ಇನ್ನೊಂದು ಮುಖ ಗೊತ್ತುಂಟು. ಬಾವಿ ಆಳವಾದರೆ ಪಂಪನ್ನು ದಂಡೆಯಲ್ಲಿಟ್ಟು ಪ್ರಯೋಜನವಿಲ್ಲ, ಒಳಗೆ ಇಳಿಸಿಯೇ ಕೂರಿಸಬೇಕು. ನೀರನ್ನು ಪೈಪಿನೊಳಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಅದರ ಶಕ್ತಿ 10 ಮೀಟರ್ ಚಿಲ್ಲರೆಗೆ ಮುಗಿಯಿತು. ಇಟಲಿಯಲ್ಲೂ ಬಾವಿಯ ಪಂಪುಗಳಿಗೆ ಇದೇ ತೊಡಕು. 1640ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಟೊರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದರು. 760 ಮಿಲಿಮೀಟರ್‌ಗೇ ನಿಂತಿತು! ಗಾಳಿಗೂ ಭಾರ ಉಂಟೆಂದು ಕಣ್ಣಿಗೆ ಕಂಡದ್ದು ಹೀಗೆ. ನನಗೆ ಪಾದರಸದ ಮೇಲೆ ಗೌರವ ಹುಟ್ಟಿಸಿದ್ದು ಇದೇ.

ಲೋಹವಾಗಿಯೂ ದ್ರವ ಯಾಕೆ? ಇದರ ಪರಮಾಣು ಸಂಖ್ಯೆ 80. ನಡುವಿನ ಆ ಭಾರೀ ವಿದ್ಯುದಂಶದ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಓಡುತ್ತವೆ. ಅದರ ಪರಿಣಾಮವಾಗಿ ಹೊರಗಿನವೂ ಬಿಗಿಯಾಗಿ ಒಳಸರಿದಿವೆ. ಹಾಗಾಗಿ ಒಂದು ಪರಮಾಣು ಇನ್ನೊಂದರ ಕೈ ಗಟ್ಟಿಯಾಗಿ ಹಿಡಿಯುವುದಿಲ್ಲ. ಹೆಪ್ಪುಗಟ್ಟಲು ಸೊನ್ನೆಗಿಂತ 39 ಡಿಗ್ರಿ ಕೆಳಗೆ ಇಳಿಯಬೇಕು, ಕುದಿಯಲು 357 ಡಿಗ್ರಿ ಬೇಕು.

ಆದರೆ ಕುದಿಯದೆಯೂ ಅದು ಆವಿಯಾಗುತ್ತಿರುತ್ತದೆ. ನಮ್ಮ ಸೆಕೆಯಲ್ಲಿ ಇನ್ನಷ್ಟು. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಹೋಗಿ ನರಗಳನ್ನು ಕೆಡಿಸುತ್ತದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿದ್ದು ಸುಮ್ಮನೆ ಅಲ್ಲ.

ಮನೆಯಲ್ಲಿ ಹಳೆಯ ಥರ್ಮಾಮೀಟರ್ ಉಂಟು ಅಂತಲೂ ಬರೆದಿದ್ದೀರಲ್ಲ, ಅದು ಒಡೆದರೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಹಿಡಿಸೂಡಿ ಮುಟ್ಟಬೇಡಿ, ಗುಡಿಸಿದರೆ ಉಂಡೆಗಳು ಒಡೆದು ಮೂಲೆಮೂಲೆಗೆ ಹೋಗುತ್ತವೆ. ಬಳೆ, ಉಂಗುರ ತೆಗೆದಿಡಿ. ಚಿನ್ನಕ್ಕೆ ತಾಗಿದರೆ ಅದರೊಂದಿಗೆ ಬೆರೆತು ಬಿಳಿ ಮಾಡಿಬಿಡುತ್ತದೆ. ದಪ್ಪ ಕಾಗದದಲ್ಲಿ ಉಂಡೆಗಳನ್ನು ಒಟ್ಟುಮಾಡಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಿ. ಬಚ್ಚಲಿಗೆ ಮಾತ್ರ ಸುರಿಯಬೇಡಿ ಅಕ್ಕಾ. ಹೊಳೆ ಸೇರಿದರೆ ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಕೆಟ್ಟ ವಿಷವಾಗಿಸುತ್ತವೆ, ಅದು ಮೀನಿನ ಮೈಯಲ್ಲಿ ಸೇರಿಕೊಂಡು ಮತ್ತೆ ನಮ್ಮ ಬಟ್ಟಲಿಗೇ ಬರುತ್ತದೆ.

ಇತಿ,
ನಿಮ್ಮ ತಮ್ಮ