ಬಾವಿಯ ಲೆಕ್ಕ ಯಾರ ಪುಸ್ತಕದಲ್ಲಿದೆ?

ಕೇಣಿಯವರಿಗೆ ಗಣಿ ಗೊತ್ತು. ಆದರೆ ಗುಡ್ಡದ ಕಡೆಯಿಂದಲ್ಲ, ಲಾರಿಯ ಕಡೆಯಿಂದ. ಸಂಡೂರು, ಹೊಸಪೇಟೆ ಸೀಮೆಯ ಅದಿರು 250 ಕಿಲೋಮೀಟರಿಗೂ ಹೆಚ್ಚು ದೂರ ಬಂದು, ಅರಬೈಲ್ ಘಟ್ಟ ಇಳಿದು, ಹತ್ತಿರದ ಬೇಲೇಕೇರಿಯಲ್ಲಿ ಹಡಗು ಹತ್ತುತ್ತಿತ್ತು. ರಸ್ತೆ ಬದಿಯ ಮರದ ಎಲೆಯೆಲ್ಲ ಕೆಂಪು. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಾಂತರ ಟನ್ ಮಾಯವಾಯಿತು. ಎಷ್ಟು ಬಂತು, ಎಷ್ಟು ಹೋಯಿತು ಎಂದು ಲೋಕಾಯುಕ್ತ, ಸಿಬಿಐ, ಕೋರ್ಟು ಎಲ್ಲವೂ ಲೆಕ್ಕ ಹಾಕಿದವು. ಅದಿರು ಅಗೆದ ಊರಿನ ಬಾವಿಯಲ್ಲಿ ನೀರು ಎಷ್ಟು ಅಡಿ ಇಳಿಯಿತು ಎಂದು ಕೇಳಿದವರು ಮಾತ್ರ ಕಡಿಮೆ.

ಆ ಲೆಕ್ಕ ಇಡಬೇಕೆಂದು ನಿಯಮವೇ ಇದೆ. ಗಣಿಗೆ ಪರಿಸರ ಅನುಮತಿ ಕೊಡುವಾಗ ಸಾಮಾನ್ಯವಾಗಿ ಒಂದು ಷರತ್ತು ಹಾಕುತ್ತಾರೆ: ಸುತ್ತಲಿನ ಬಾವಿಗಳನ್ನು ಗುರುತಿಸಬೇಕು, ಅಳತೆಗೆಂದೇ ಪೀಜೋಮೀಟರ್ ಎಂಬ ಸಣ್ಣ ಕೊಳವೆ ಕೊರೆಯಬೇಕು, ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಮತ್ತು ಗುಣ ಎರಡನ್ನೂ ನೋಡಬೇಕು. ಏಪ್ರಿಲ್-ಮೇ, ಆಗಸ್ಟ್, ನವೆಂಬರ್, ಜನವರಿ. ಷರತ್ತು ಪಾಲಿಸಿದ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ವರದಿ ಕಚೇರಿಗೆ ಹೋಗುತ್ತದೆ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬಾವಿ ಯಾರದೋ ಅವರ ಮನೆಗೆ ಬರುವುದಿಲ್ಲ. ನಿಮ್ಮ ರಕ್ತ ತೆಗೆದುಕೊಂಡು ಹೋಗಿ ರಿಪೋರ್ಟನ್ನು ಪಕ್ಕದೂರಿಗೆ ಕಳಿಸಿದ ಹಾಗೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು, ಕೇಳಲೇಬೇಕು.

ಮಟ್ಟ ಯಾಕೆ ಮುಖ್ಯ ಅಂದರೆ, ಗಣಿಯ ಗುಂಡಿ ಅಂತರ್ಜಲಕ್ಕಿಂತ ಕೆಳಗೆ ಹೋದರೆ ಅಲ್ಲಿ ತುಂಬುವ ನೀರನ್ನು ಪಂಪಿನಿಂದ ಹೊರಹಾಕುತ್ತಲೇ ಇರಬೇಕು. ಆಗ ಸುತ್ತಲಿನ ನೀರು ಗುಂಡಿಯತ್ತ ಹರಿಯುತ್ತದೆ, ಹತ್ತಿರದ ಬಾವಿ ಮೊದಲು ಇಳಿಯುತ್ತದೆ. ಹಾಗೆಂದು ಇಳಿದ ಬಾವಿಗೆಲ್ಲ ಗಣಿಯೇ ಕಾರಣ ಅನ್ನುವಂತಿಲ್ಲ. ಮಳೆ ಕೈಕೊಟ್ಟಿರಬಹುದು, ಪಕ್ಕದ ತೋಟದ ಬೋರು ಎಳೆದಿರಬಹುದು. ಯಾವುದೆಂದು ಹೇಳಲು ಗಣಿ ಶುರುವಾಗುವ ಮೊದಲಿನ ಅಂಕಿ ಬೇಕು. ಜಗಳದ ಹೊತ್ತಿಗೆ ಊರವರ ಕೈಯಲ್ಲಿ ಇಲ್ಲದೇ ಹೋಗುವುದು ಅದೇ. ‘ಮೊದಲು ನೀರು ಮೇಲಿತ್ತು’ ಎಂಬ ಮಾತನ್ನು ಯಾವ ಅಧಿಕಾರಿಯೂ ಬರೆದುಕೊಳ್ಳುವುದಿಲ್ಲ.

ಕೇಣಿಯಲ್ಲಿ ಗಣಿ ಇಲ್ಲ. ಆದರೆ ಇಲ್ಲಿನ ಕಡಲಲ್ಲಿ ವರ್ಷಕ್ಕೆ 3 ಕೋಟಿ ಟನ್ ಸರಕಿನ ಬಂದರು ಕಟ್ಟುವ ಯೋಜನೆ ಇದೆ. 2023ರ ನವೆಂಬರಿನಲ್ಲಿ ಕಂಪನಿಯೊಂದಕ್ಕೆ ಮಂಜೂರಾತಿ ಪತ್ರವೂ ಸಿಕ್ಕಿತು. ಮೀನುಗಾರರು ಬೇಡವೆಂದು ಬೀದಿಗಿಳಿದಿದ್ದಾರೆ. ಬಂದರು ಬಂದರೂ ಬರದಿದ್ದರೂ ಬಾವಿಯ ಇಂದಿನ ಅಂಕಿ ಇಂದೇ ಬರೆದಿಡಬೇಕು ಎಂದು ನಮಗೆ ಅನಿಸಿದ್ದು ಅದಕ್ಕೇ.

ಕಡಲ ಬದಿಯ ಬಾವಿಯ ಕಥೆ ಒಳನಾಡಿನದಕ್ಕಿಂತ ಸೂಕ್ಷ್ಮ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮರಳಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆಂದು ಲೆಕ್ಕ. ಮೇಲೆ ಒಂದು ಅಡಿ ಕಳೆದುಕೊಂಡರೆ ಕೆಳಗಿನಿಂದ ಉಪ್ಪು ಅಷ್ಟು ಏರಿ ಬರಬಹುದು. ಮಳೆಗಾಲದಲ್ಲಿ ಕಟ್ಟೆಯಿಂದ ಬಗ್ಗಿದರೆ ಕೈಗೆ ಸಿಗುವಂತಿದ್ದ ನೀರು ಮೇ ತಿಂಗಳಲ್ಲಿ ಸಪ್ಪೆಯಾಗುವುದು, ಉಪ್ಪಾಗುವುದು ಇದರಿಂದಲೇ. ‘ಬೆಳಿಗ್ಗೆ ಮೊದಲ ಕೊಡ ಕುಡಿಯೂಕೆ, ಆಮೇಲಿಂದು ಪಾತ್ರೆ ತೊಳೂಕೆ’ ಎಂದರು ಒಬ್ಬ ಅಜ್ಜಿ. ಅಷ್ಟು ಚಿಕ್ಕದಾಗಿ ನಮಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಅಳೆಯಲು ನಾವು ದೊಡ್ಡ ಸಾಮಾನೇನೂ ಒಯ್ಯಲಿಲ್ಲ. ಒಂದು ಉದ್ದ ಟೇಪು, ತುದಿಗೆ ಕಟ್ಟಿದ ಭಾರ, ಒಂದು ನೋಟ್‌ಬುಕ್ಕು. ಬಾವಿಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ ಪ್ರತಿ ಸಲ ಅಲ್ಲಿಂದಲೇ ಅಳೆಯಬೇಕು. ಗುರುತಿನಿಂದ ನೀರಿಗೆ 18 ಅಡಿ, ಕಟ್ಟೆಯ ಎತ್ತರ 3 ಅಡಿ ಎಂದುಕೊಳ್ಳಿ. ನೆಲದಿಂದ ನೀರು 15 ಅಡಿ ಆಳದಲ್ಲಿದೆ. ಬೆಳಿಗ್ಗೆ ಯಾರೂ ನೀರು ಸೇದುವ ಮುಂಚೆ, ಪಂಪು ಹಾಕುವ ಮುಂಚೆ ಅಳೆಯಬೇಕು. ಕಡಲ ಹತ್ತಿರದ ಬಾವಿಯಾದರೆ ಆಗ ಉಬ್ಬರವೋ ಇಳಿತವೋ ಎಂದೂ ಬರೆಯಬೇಕು. ಈ ಕಾಲಂ ನಮ್ಮ ಪಟ್ಟಿಯಲ್ಲಿರಲಿಲ್ಲ, ಮೀನುಗಾರ ಅಣ್ಣನೊಬ್ಬರು ಸೇರಿಸಿದ್ದು.

ಗುಣಕ್ಕೆ ಪಂಚಾಯಿತಿಯನ್ನು ಕೇಳಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಕಿಟ್ಟು ಕಪಾಟಿನಲ್ಲಿ ಕೂತಿದ್ದರೆ ಹೊರಗೆ ತೆಗೆಸಿ. ಕಡಲ ಬದಿಯಲ್ಲಿ ಮೊದಲು ನೋಡಬೇಕಾದ್ದು ಕ್ಲೋರೈಡ್: ಕುಡಿಯುವ ನೀರಿಗೆ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಗಣಿ ಸೀಮೆಯಲ್ಲಾದರೆ ಕಬ್ಬಿಣ, ಆಮ್ಲೀಯತೆ, ಕರಗಿದ ಲವಣ ಎಲ್ಲ ನೋಡಬೇಕು.

ನೋಟ್‌ಬುಕ್ಕು ಈಗ ಕೇಣಿಯಲ್ಲೇ ಒಂದು ಮನೆಯಲ್ಲಿದೆ. ಪ್ರತಿ ಅಳತೆಯ ಪುಟದ ಫೋಟೋ ಊರಿನ ವಾಟ್ಸ್‌ಆಪ್ ಗುಂಪಿಗೆ ಹೋಗುತ್ತದೆ, ಪುಸ್ತಕ ಕಳೆದರೂ ತಾರೀಖು ಸಮೇತ ಉಳಿಯಲೆಂದು. ಮುಂದಿನ ಅಳತೆ ನವೆಂಬರಿನಲ್ಲಿ. ಟೇಪು ಹಿಡಿಯಲು ಹೈಸ್ಕೂಲಿನ ಇಬ್ಬರು ಹುಡುಗಿಯರು ಒಪ್ಪಿದ್ದಾರೆ.