ನಲ್ಲಿಗೆ ಕಟ್ಟಿದ ಮೊಸರು

ಮಗಳು ಜಿಮ್ಮಿಗೆ ಸೇರಿದ ಮೂರನೇ ದಿನ ನಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಬಂದು ಅಂಟಿಕೊಂಡಿತು. ಯಾವ ದಿನ ಏನು ತಿನ್ನಬೇಕು ಅನ್ನೋ ಪಟ್ಟಿ. ಸೋಮವಾರ ರಾತ್ರಿಯ ಎದುರಿಗೆ ‘ಗ್ರೀಕ್ ಚಿಕನ್ ಸಲಾಡ್’ ಎಂದಿತ್ತು. ಓದಿ ಹೇಳಿಸಿಕೊಂಡ ಅಮ್ಮನಿಗೆ ಗ್ರೀಕು ತಲೆಗೆ ಹೋಗಲಿಲ್ಲ, ಸೋಮವಾರ ಹೋಯಿತು. “ಸೋಮವಾರ ಕೋಳಿ ತಿನ್ನು ಅಂತ ಬರ್ಕೊಟ್ಟಿದ್ದಾನಲ್ಲ, ಅವನ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವೇನೇ?” ಎಂದರು.

ನಮ್ಮಲ್ಲಿ ಸೋಮವಾರ ಈಶ್ವರನದು, ಶನಿವಾರ ವೆಂಕಟರಮಣಸ್ವಾಮಿಯದು. ಮಾತುಕತೆಯಾಗಿ ಸಲಾಡು ಭಾನುವಾರಕ್ಕೆ ಸರಿಯಿತು. ಅಲ್ಲಿ ಮುದ್ದೆ, ನಾಟಿಕೋಳಿ ಸಾರು ಮೊದಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದವು. ಅವನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಬುಧವಾರ ಗಟ್ಟಿಯಾಯಿತು. ಮಾಡುವವರು ಯಾರು? “ನಂಗೆ ಸಾರು ಮಾಡೋದು ಗೊತ್ತು, ಇದೆಲ್ಲ ನೀವೇ ನೋಡ್ಕೊಳ್ರೀ” ಎಂದು ಹೆಂಡತಿ ಕೈ ತೊಳೆದುಕೊಂಡಳು. ಪೀಣ್ಯದ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಮಿಲ್ಲಿಂಗ್ ಮಷಿನ್ ಮುಂದೆ ನಿಂತವನು ನಾನು. ಡ್ರಾಯಿಂಗ್ ಕೊಟ್ಟರೆ ಪೀಸ್ ಮಾಡಿಕೊಡುವುದು ಕಷ್ಟವಲ್ಲ ಅಂದುಕೊಂಡೆ.

ಡ್ರಾಯಿಂಗ್ ಸರಳವಾಗಿಯೇ ಇತ್ತು. ಬೇಯಿಸಿದ ಕೋಳಿ, ಸೌತೆಕಾಯಿ, ಟೊಮೆಟೊ, ಈರುಳ್ಳಿ, ನೀರು ಬಸಿದ ಗಟ್ಟಿ ಮೊಸರು, ಬೆಳ್ಳುಳ್ಳಿ, ನಿಂಬೆಹಣ್ಣು, ಆಲಿವ್ ಎಣ್ಣೆ, ಸಬ್ಬಸಿಗೆ, ಪುದೀನ, ಒರೆಗಾನೊ. ಇಷ್ಟೇ. ಮಗಳು ಫೋನಿನಲ್ಲಿ ಹುಡುಕಿ ಇನ್ನೊಂದು ವಿಷಯ ಹೇಳಿದಳು. ಗ್ರೀಸಿನಲ್ಲಿ ಟೊಮೆಟೊ, ಸೌತೆ, ಈರುಳ್ಳಿ, ಆಲಿವ್ ಕಾಯಿ ಸೇರಿಸಿ ಮೇಲೊಂದು ಫೆಟಾ ಚೀಸಿನ ತುಂಡು ಇಟ್ಟುಕೊಡುವ ಸಲಾಡಿಗೆ ‘ಹೋರಿಯಾತಿಕಿ’ ಅನ್ನುತ್ತಾರಂತೆ. ಹಾಗೆಂದರೆ ಹಳ್ಳಿಯದು ಎಂದರ್ಥ. ಕೋಳಿ ಅದರಲ್ಲಿ ಇರುವುದಿಲ್ಲ. ಅದು ಹೊರಗಿನವರು ಸೇರಿಸಿಕೊಂಡದ್ದು. ಹಳ್ಳಿ ಸಲಾಡು ಮಾಡುವುದಕ್ಕೆ ಟಿ. ದಾಸರಹಳ್ಳಿಗಿಂತ ಯೋಗ್ಯ ಜಾಗ ಬೇಕೇ? ನಮ್ಮಲ್ಲಿ ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮಾತ್ರ, ಆ ಮಾತು ಬೇರೆ. ತಲೆಯ ಮೇಲೆ ಮೆಟ್ರೊ, ಕೆಳಗೆ ತುಮಕೂರು ರಸ್ತೆಯ ಲಾರಿಗಳು. ಬೆಂಗಳೂರಿನಲ್ಲಿ ಹೆಬ್ಬಾಳದ ಕಡೆಗೂ ಒಂದು ದಾಸರಹಳ್ಳಿ ಇರುವುದರಿಂದ ನಮ್ಮದು ಟಿ ಎಂಬ ಇನಿಷಿಯಲ್ ಹಾಕಿಕೊಂಡು ಓಡಾಡುತ್ತದೆ.

ಸಾಮಾನು ತರಲು ಎಂಟನೇ ಮೈಲಿಯಿಂದ ಒಳಗೆ ತಿರುಗುವ ಹೆಸರಘಟ್ಟ ರಸ್ತೆಗೆ ಹೋದೆ. ಈ ರಸ್ತೆಯನ್ನೇ ಹಿಡಿದು ಹೋದರೆ ಹಣ್ಣು ತರಕಾರಿಗಳ ತಳಿ ತೆಗೆಯುವ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿಗುತ್ತದೆ. ಅರ್ಕಾ ಎಂಬ ಮನೆತನದ ಹೆಸರು ಹೊತ್ತ ಟೊಮೆಟೊ, ಸೌತೆ, ಈರುಳ್ಳಿಗಳೆಲ್ಲ ಹುಟ್ಟಿದ್ದು ಅಲ್ಲಿ. ಕೇಂದ್ರ ಸರ್ಕಾರದ ಕೋಳಿ ಸಾಕಣೆ ತರಬೇತಿ ಸಂಸ್ಥೆಯೂ ಹೆಸರಘಟ್ಟದಲ್ಲೇ ಇದೆ. ಅಂದರೆ ಸಲಾಡಿನ ಮುಕ್ಕಾಲು ಪಾಲು ಒಂದೇ ರಸ್ತೆಯಲ್ಲಿ ಕೂತು ಕಾಯುತ್ತಿತ್ತು, ಕಲೆಸುವವರು ಇರಲಿಲ್ಲ.

ಸೊಪ್ಪಿನ ಗಾಡಿಯಾಕೆಯ ಹತ್ತಿರ ಮೂರು ಕಟ್ಟು ಸಬ್ಬಸಿಗೆ ಕೇಳಿದೆ. ಆಕೆ ನನ್ನ ನರೆತ ತಲೆ ನೋಡಿ, ಕಟ್ಟುಗಳ ನೀರು ಕೊಡವುತ್ತಾ, “ಮನೇಲಿ ಬಾಣಂತಿ ಇದಾರಾ ಅಣ್ಣ?” ಎಂದಳು. ಇಲ್ಲಮ್ಮ, ಮೊಸರಿಗೆ ಹಸಿಯಾಗಿ ಹಾಕೋಕೆ ಅಂದೆ. “ಹಸೀದಾ?” ಎಂದು ಪಕ್ಕದಲ್ಲಿ ಬೀನ್ಸ್ ಆರಿಸುತ್ತಿದ್ದ ಹೆಂಗಸಿನ ಮುಖ ನೋಡಿದಳು. ಅವರಿಬ್ಬರೂ ಏನೂ ಹೇಳಲಿಲ್ಲ. ಸಬ್ಬಸಿಗೆಯನ್ನು ಬಾಣಂತಿಗೆ ಪಲ್ಯ ಮಾಡುತ್ತಾರೆ, ಅಕ್ಕಿರೊಟ್ಟಿಗೆ ಕಲೆಸುತ್ತಾರೆ, ಅವರೆಕಾಳಿನ ಕಾಲದಲ್ಲಿ ಉಪ್ಪಿಟ್ಟಿಗೂ ಹಾಕುತ್ತಾರೆ. ಎಲ್ಲೇ ಹೋಗಲಿ, ಅದು ಬೆಂಕಿ ಕಾಣದೆ ಹೋಗುವುದಿಲ್ಲ. ಗ್ರೀಕರು ಅದೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಸಿಯಾಗಿಯೇ ಮೊಸರಿಗೆ ಉದುರಿಸುತ್ತಾರೆ. ಜಜಿಕಿ ಎಂಬ ಅವರ ಸೌತೆಕಾಯಿ ಮೊಸರನ್ನು ನಾನು ವರ್ಣಿಸಿದಾಗ ಹೆಂಡತಿ, “ಮೊಸರು ಬಜ್ಜಿ ಅನ್ನಿ” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಒರೆಗಾನೊಗೆ ಮೊದಲು ನೆನಪಾದದ್ದು ಪಿಜ್ಜಾ ತರಿಸಿದಾಗಲೆಲ್ಲ ಉಳಿದು ಡ್ರಾಯರಿನಲ್ಲಿ ಸೇರಿದ ಪುಟ್ಟ ಪ್ಯಾಕೆಟ್ಟುಗಳು. ಒಂದನ್ನು ಹರಿದು ಮೂಸಿದೆ. ಪರಿಚಯದ ವಾಸನೆ. ಎಲ್ಲಿಯದು ಎಂದು ಐದು ನಿಮಿಷ ತಲೆ ಕೆರೆದುಕೊಂಡು ಬಾಲ್ಕನಿಗೆ ಹೋದರೆ, ಒಡೆದ ಬಕೆಟ್ಟಿನಲ್ಲಿ ಅಮ್ಮ ಬೆಳೆಸಿದ ದೊಡ್ಡಪತ್ರೆ! ಕೆಮ್ಮಿಗೆ ಬಾಡಿಸಿ ರಸ ಹಿಂಡುವ, ಬೇಸಿಗೆಗೆ ತಂಬುಳಿ ಮಾಡುವ ಅದೇ ಗಿಡ. ಒರೆಗಾನೊಗೂ ಇದಕ್ಕೂ ಆ ಗಾಟು ಕೊಡುವುದು ಕಾರ್ವಕ್ರಾಲ್ ಎಂಬ ಒಂದೇ ವಸ್ತು ಎಂದು ಆಮೇಲೆ ತಿಳಿಯಿತು. ಒರೆಗಾನೊ ಒಣಗಿದರೆ ಜೋರು, ದೊಡ್ಡಪತ್ರೆ ಹಸಿಯಲ್ಲೇ ಜೋರು. ಎರಡು ಎಲೆ ಸಾಕು, ಮೂರನೆಯದು ಬಿದ್ದರೆ ಸಲಾಡು ಕಷಾಯವಾಗುತ್ತದೆ. ಆಲಿವ್ ಎಣ್ಣೆಯ ವಿಷಯಕ್ಕೆ ಬಂದರೆ, ನಾನು ಕಂಡಿದ್ದು ಮೆಡಿಕಲ್ ಸ್ಟೋರಿನ ಪುಟ್ಟ ಡಬ್ಬಿ, ಹಸುಗೂಸಿನ ಮೈಗೆ ತಿಕ್ಕಲು. ಅದನ್ನು ಬಾಟಲಿಗಟ್ಟಲೆ ಕೊಂಡಾಗ ಎದೆ ಝಲ್ಲೆಂದಿತು. ಫೆಟಾ ಬೆಲೆ ನೋಡಿ ಪನೀರಿಗೆ ಉಪ್ಪು, ನಿಂಬೆರಸ ಸವರಿ ಇಟ್ಟೆ. ಗ್ರೀಕರು ಕ್ಷಮಿಸಲಿ.

ಮೊಸರಿನದ್ದೇ ದೊಡ್ಡ ಕತೆ. ಅರ್ಧ ಕೆಜಿ ನಂದಿನಿ ಮೊಸರನ್ನು ತೆಳು ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಅಡುಗೆಮನೆಯ ನಲ್ಲಿಗೆ ನೇತುಹಾಕಿ, ಕೆಳಗೊಂದು ಬೋಗುಣಿ ಇಟ್ಟೆ. ಹಿಂಡಬಾರದು. ಹಿಂಡಿದರೆ ಬಟ್ಟೆಯ ಕಣ್ಣಿನಿಂದ ಮೊಸರೂ ಬರುತ್ತದೆ. ತನ್ನ ಭಾರಕ್ಕೆ ತಾನೇ ನೀರು ಬಿಟ್ಟುಕೊಳ್ಳಬೇಕು. ನಾಲ್ಕು ಗಂಟೆ ಕಳೆದರೆ ಅರ್ಧಕ್ಕರ್ಧ ಇಳಿದು ಚಮಚ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಾದರೆ ಫ್ರಿಜ್ಜಿನೊಳಗೆ ಜಾಲರಿಯ ಮೇಲೆ ಇಡುವುದು ಕ್ಷೇಮ, ಇಲ್ಲದಿದ್ದರೆ ಹುಳಿ ಏರುತ್ತದೆ. ಬೋಗುಣಿಯಲ್ಲಿ ತಿಳಿಹಸಿರು ನೀರು. ಅದರಲ್ಲಿ ಚಪಾತಿ ಹಿಟ್ಟು ಕಲೆಸಿದರೆ ಚಪಾತಿ ಮೆತ್ತಗಾಗುತ್ತದೆ.

ಗಂಟು ನೋಡಿದ ಪಕ್ಕದ ಮನೆಯ ಬಾಗಲಕೋಟೆ ಅಕ್ಕ ಹಿಗ್ಗಿಹೋದರು. “ಚಕ್ಕಾ ಕಟ್ಟೀರೇನ್ರೀ? ಶ್ರೀಖಂಡ ಮಾಡಾಕತ್ತೀರಿ?” ಕೋಳಿಗೆ ಎಂದೆ. ಅವರ ಮುಖ ಇಳಿಯಿತು. “ಸಕ್ಕರಿ, ಯಾಲಕ್ಕಿ ಹಾಕಿದ್ರ ಸಾಕಿತ್ತಲ್ರೀ ಅಣ್ಣಾರ. ಇಂಥಾ ಚಕ್ಕಾಕ್ಕ ಕೋಳಿ ಯಾಕ್ರೀ?” ಅವರ ಪ್ರಶ್ನೆಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ಅಂದಹಾಗೆ, ಅಮೆರಿಕದವರಿಗೆ ‘ಗ್ರೀಕ್ ಮೊಸರಿನ’ ಹುಚ್ಚು ಹಿಡಿಸಿದ ಚೋಬಾನಿ ಕಂಪನಿ ಕಟ್ಟಿದ ಹಮ್ದಿ ಉಲುಕಾಯ ಗ್ರೀಕರಲ್ಲ, ಟರ್ಕಿಯಿಂದ ಹೋದವರು. ಮೊಸರಿಗೆ ಊರಿನ ಹೆಸರು ಅಂಟುವುದು ಹೀಗೆ.

ಗ್ರೀಕರಿಗೂ ನಮಗೂ ನಂಟು ಹುಡುಕುವುದಾದರೆ ಅದು ಅಡುಗೆಮನೆಗಿಂತ ನಾಟಕದಲ್ಲಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಸುಮಾರು 2ನೇ ಶತಮಾನದ ಒಂದು ಗ್ರೀಕ್ ಪ್ರಹಸನವಿತ್ತು. ಅದು ಅಚ್ಚಾದದ್ದು 1903ರಲ್ಲಿ. ಅದರಲ್ಲಿ ಭಾರತದ ರಾಜನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬೇಕು ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ ಮರುವರ್ಷವೇ ಹೇಳಿದರು. ಮುಂದೆ ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ಅಲ್ಲ, ಅದು ತುಳು ಎನ್ನುವವರೂ ಇದ್ದಾರೆ, ಎರಡೂ ಅಲ್ಲ ಎನ್ನುವವರೂ ಇದ್ದಾರೆ. ನನಗೆ ಅದರಲ್ಲಿ ಇಷ್ಟವಾದದ್ದು ಕತೆ. ಸೆರೆಸಿಕ್ಕ ಗ್ರೀಕ್ ಹೆಣ್ಣುಮಗಳನ್ನು ಬಿಡಿಸಲು ಬಂದವರು ನಮ್ಮ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ ತೂರಾಡಿಸಿ ಪಾರಾಗುತ್ತಾರೆ. ಅವರು ಮಾತ್ರ ವೈನಿಗೆ ನೀರು ಬೆರೆಸಿಕೊಂಡು ಕುಡಿಯುವವರು. ವೈನಿಗೆ ನೀರು ಹಾಕಿ, ಮೊಸರಿನ ನೀರು ತೆಗೆಯುವ ಜನ! ಹಾಲಿಗೆ ನೀರು ಹಾಕುವವರನ್ನು ಮಾತ್ರ ನೋಡಿದ ನಮಗೆ ಇದು ಹೊಸದು.

ಕೋಳಿ ಬೇಯಿಸುವುದನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಚಿಕನ್ ಅಂಗಡಿಯಲ್ಲಿ ನಾನೂರು ಗ್ರಾಂ ಎದೆ ಭಾಗ, ಬೋನ್‌ಲೆಸ್ ತಂದೆ. ತಣ್ಣೀರಿಗೆ ಉಪ್ಪು, ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ನಿಂಬೆಸಿಪ್ಪೆ ಹಾಕಿ, ತುಂಡುಗಳನ್ನು ಮುಳುಗಿಸಿ, ಸಣ್ಣ ಉರಿ. ನೀರು ಕುದಿಯಲು ಹವಣಿಸುವಾಗಲೇ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಹದಿನೈದು ನಿಮಿಷ ಆ ಬಿಸಿಯಲ್ಲೇ ಬೇಯುತ್ತದೆ. ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದರೆ ಎದೆಮಾಂಸ ತೆಂಗಿನ ನಾರಾಗುತ್ತದೆ. ಬೆಂದಿದೆಯೋ ಇಲ್ಲವೋ ಅನ್ನುವುದಕ್ಕೆ ನನ್ನ ಹಳೆಯ ಡಿಜಿಟಲ್ ಥರ್ಮಾಮೀಟರನ್ನು ದಪ್ಪ ತುಂಡಿನ ನಡುವಿಗೆ ಚುಚ್ಚಿದೆ. 74 ಡಿಗ್ರಿ ದಾಟಬೇಕು. 71 ಇತ್ತು, ಮತ್ತೆ ಮುಚ್ಚಿದೆ. “ಕೋಳಿಗೆ ಜ್ವರ ನೋಡ್ತಿದ್ದಾನೆ” ಎಂದು ಅಮ್ಮ ಹಾಲಿನಿಂದಲೇ ವರದಿ ಕೊಟ್ಟರು. ಬೆಂದ ಮೇಲೆ ಅದೇ ನೀರಿನಲ್ಲಿ ಸ್ವಲ್ಪ ಆರಿಸಿ, ಎಳೆಯ ಜಾಡು ಹಿಡಿದು ಕೈಯಿಂದ ಬಿಡಿಸಿದೆ. ಚಾಕುವಿನಿಂದ ಕೊಯ್ದ ನುಣುಪು ಮೈಗೆ ಮೊಸರು ಹಿಡಿಯುವುದಿಲ್ಲ, ಹರಿದ ಒರಟು ಮೈಗೆ ಹಿಡಿಯುತ್ತದೆ. ಮೇಲ್ಮೈ ಒರಟಾಗಿರಲಿ ಎಂದು ಬಯಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಆದರೂ ಮೊದಲ ಬುಧವಾರ ಕೆಟ್ಟಿತು. ಸೌತೆಕಾಯಿಯ ತುದಿ ಕತ್ತರಿಸಿ, ಉಪ್ಪು ಹಚ್ಚಿ ನೊರೆ ಬರುವವರೆಗೆ ಉಜ್ಜಿ ಕಹಿಯನ್ನೇನೋ ತೆಗೆದಿದ್ದೆ. ಬೀಜದ ತಿರುಳು ತೆಗೆದಿರಲಿಲ್ಲ. ಎಲ್ಲ ಕಲೆಸಿ ಉಪ್ಪು ಹಾಕಿಟ್ಟು ಮಗಳು ಮೆಟ್ರೊ ಇಳಿದು ಬರಲಿ ಎಂದು ಕಾದೆ. ಅವಳು ಬಂದಾಗ ಪಾತ್ರೆಯಲ್ಲಿ ಸಲಾಡು ಇರಲಿಲ್ಲ, ಮಜ್ಜಿಗೆಯಲ್ಲಿ ಕೋಳಿ ಈಜುತ್ತಿತ್ತು. ನಾಲ್ಕು ಗಂಟೆ ಬಸಿದು ತೆಗೆದ ನೀರನ್ನು ಸೌತೆ, ಟೊಮೆಟೊ ಸೇರಿ ಅರ್ಧ ಗಂಟೆಯಲ್ಲಿ ವಾಪಸು ಕೊಟ್ಟಿದ್ದವು. ಎರಡನೇ ವಾರ ತಿರುಳು ತೆಗೆದು, ಸೌತೆಗೆ ಬೇರೆಯಾಗಿ ಉಪ್ಪು ಹಚ್ಚಿ, ಹತ್ತು ನಿಮಿಷ ಬಿಟ್ಟು ಹಿಂಡಿದೆ. ಟೊಮೆಟೊ ತಟ್ಟೆಗೆ ಬಡಿಸುವಾಗ ಸೇರಿಸಿದೆ. ನಿಂತಿತು.

ತಟ್ಟೆ ನೋಡಿದರೆ ಚೆನ್ನಾಗಿಯೇ ಇತ್ತು. ಬಿಳಿ ಮೊಸರು, ಸಬ್ಬಸಿಗೆಯ ಹಸಿರು ಎಳೆ, ಮೇಲೆ ಎಣ್ಣೆಯ ಒಂದು ಗೆರೆ. ತಿಂದರೆ ತಣ್ಣಗೆ, ಹುಳಿಯಾಗಿ, ಬೆಳ್ಳುಳ್ಳಿ ಚುರುಕಾಗಿ. ನನಗೆ ಹಿಡಿಸಿತು, ಆದರೆ ಪ್ರತಿ ತುತ್ತಿಗೂ ಇನ್ನೇನೋ ಬರಬೇಕಿದೆ ಎಂದು ನಾಲಿಗೆ ಕಾಯುತ್ತಿತ್ತು. ಅಮ್ಮ ಎರಡು ತುತ್ತು ಅಗಿದು, “ಎಲ್ಲ ಸರಿಯಾಗೈತೆ. ಒಗ್ಗರಣೆ ಮರ್ತಿದ್ದೀಯ” ಎಂದರು. ಮರೆತದ್ದಲ್ಲಮ್ಮ, ಹಾಕೋ ಹಾಗಿಲ್ಲ ಎಂದೆ. “ಹಾಕೋ ಹಾಗಿಲ್ಲ ಅಂತ ಯಾರು ಹೇಳಿದ್ದು?” ಫ್ರಿಜ್ಜಿನ ಮೇಲಿನ ಹಾಳೆ ತೋರಿಸಿದೆ. ಅಮ್ಮ ಎದ್ದು ಹೋದರು. ಸಾಸಿವೆ ಸಿಡಿದ ಸದ್ದು, ಒಣಮೆಣಸಿನಕಾಯಿ, ಕರಿಬೇವು, ಇಂಗು. ತಮ್ಮ ಪಾಲಿನ ಬಟ್ಟಲಿಗೆ ಚುರ್ ಎನಿಸಿಕೊಂಡು ರಾಗಿರೊಟ್ಟಿಯ ಜೊತೆ ಕೂತರು. ಜಿಮ್ಮಿನ ಹುಡುಗಿ ತನ್ನ ತಟ್ಟೆ ಹಿಡಿದು ಅಜ್ಜಿಯ ಪಕ್ಕಕ್ಕೆ ಸರಿದದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ. ಎಣ್ಣೆ ಎಷ್ಟು ಕ್ಯಾಲೊರಿ ಎಂದು ಅವಳೂ ಕೇಳಲಿಲ್ಲ.

ಈಗ ಮಂಗಳವಾರ ರಾತ್ರಿ ಊಟವಾದ ಮೇಲೆ ಮೊಸರು ಕಟ್ಟುವುದು ನನ್ನ ಕೆಲಸ. ಚಳಿ ಇದ್ದರೆ ನಲ್ಲಿಯಲ್ಲೇ ಬಿಡುತ್ತೇನೆ. ಮೊನ್ನೆ ಹನ್ನೆರಡು ದಾಟಿತ್ತು. ಲಾರಿಗಳ ಸದ್ದೂ ತುಸು ತಗ್ಗಿತ್ತು. ಅಡುಗೆಮನೆಯಿಂದ ತೊಟ್, ತೊಟ್. ನಮ್ಮ ಕಡೆ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಫೋನ್ ಮಾಡಿ ಕಾದ ಬೇಸಿಗೆಗಳನ್ನು ಕಂಡವರಿಗೆ ಆ ಸದ್ದು ಕೇಳಿಸಿಕೊಂಡು ಮಲಗಲು ಆಗುವುದಿಲ್ಲ. ಅಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದರು.

“ನಲ್ಲಿ ಸರಿಯಾಗಿ ನಿಲ್ಸೋ. ನೀರು ಹೋಗ್ತಾ ಐತೆ.”

“ಅದು ಮೊಸರು ಕಣಮ್ಮ.”

ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡರು.

“ಸರಿ, ಮೊಸರೇ ನಿಲ್ಸು.”